ಕಬಡ್ಡಿ ಬಿಟ್ಟು ಹನ್ನೊಂದು ವರ್ಷ, ಮಂಡಿ ನೋವು ಈಗ ಶುರು: ಹಳೇ ಆಟಗಾರರ ಗುಂಪಿನಲ್ಲಿ ಫಿಸಿಯೋ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮಾಜಿ ರೈಡರ್, ಮಂಡ್ಯ): ಮೇಡಂ, ನನಗೀಗ 44. ಇಲಾಖೆ ತಂಡದಲ್ಲಿ 12 ವರ್ಷ ಆಡಿದೆ. 26ನೇ ವಯಸ್ಸಲ್ಲಿ ಬೋನಸ್‌ಗೆ ಕಾಲು ಹಾಕ್ದಾಗ ಆಂಕಲ್ ಹಿಡಿದ್ರು. ಮೈ ತಿರುಗ್ತು, ಎಡಗಾಲು ಅಲ್ಲೇ ಉಳೀತು. ‘ಟಕ್’ ಅಂದಿದ್ದು ನನಗೇ ಕೇಳಿಸ್ತು. ಎರಡೇ ದಿನಕ್ಕೆ ಇಂಜೆಕ್ಷನ್ ಕೊಟ್ಟು, ಬ್ಯಾಂಡೇಜ್ ಸುತ್ತಿ ಫೈನಲ್ ಆಡಿಸಿದ್ರು. ಆಮೇಲೆ ಆಪರೇಷನ್ ಆಯ್ತು. ಹೊಸ ಲಿಗಮೆಂಟ್ ಹಾಕಿ, ಹರಿದ ಮೆನಿಸ್ಕಸ್ ತೆಗೆದ್ರು. ಮತ್ತೆ ಆರು ವರ್ಷ ಆಡಿದೆ. ಈಗ ಮೆಟ್ಟಿಲು ಇಳಿಯೋಕೆ ಕಷ್ಟ, ನೆಲದ ಮೇಲೆ ಊಟಕ್ಕೆ ಕೂತ್ರೆ ಏಳೋಕೆ ಮಗನ ಕೈ ಬೇಕು. ಎಕ್ಸ್‌ರೇ ನೋಡಿ ‘ಸವೆದಿದೆ’ ಅಂದ್ರು. ಆಪರೇಷನ್ ಚೆನ್ನಾಗೇ ಆಗಿತ್ತಲ್ಲ, ಆದ್ರೂ ಯಾಕೆ? ಮಂಡಿ ಬದಲಾಯಿಸಲೇಬೇಕಾ? ದಿನಾ ನೋವಿಗೆ ಡೈಕ್ಲೋಫೆನಾಕ್ ಮಾತ್ರೆ ತಗೋತೀನಿ, ಬಿಪಿ ಮಾತ್ರೆನೂ ಇದೆ.

ಉತ್ತರ: ಅಣ್ಣಾ, ಮೊದಲು ಮಾತ್ರೆ ವಿಷಯ. ಡೈಕ್ಲೋಫೆನಾಕ್ ದಿನಾ ನುಂಗಿದ್ರೆ ಬಿಪಿ ಏರಬಹುದು, ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದ್ರೆ ಕಿಡ್ನಿಗೂ ಪೆಟ್ಟು. ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ನಿಮ್ಮ ಡಾಕ್ಟರಿಗೆ ಈ ವಾರವೇ ವಿಷಯ ಹೇಳಿ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ.

ಈಗ ಮಂಡಿ. ಹೊಸ ಲಿಗಮೆಂಟ್ ಮಂಡಿ ಜಾರದ ಹಾಗೆ ಹಿಡಿಯುತ್ತೆ, ಅಷ್ಟೇ. ‘ಟಕ್’ ಅಂದಾಗ ಮೂಳೆಗೆ ಮೂಳೆ ಗುದ್ದಿ ಒಳಗಿನ ಮೃದ್ವಸ್ಥಿಗೂ ಏಟು ಬಿದ್ದಿರುತ್ತೆ. ಮೆನಿಸ್ಕಸ್ ಅನ್ನೋದು ಎರಡು ಮೂಳೆ ನಡುವಿನ ಗಾದಿ, ಅದು ಹೋದ್ರೆ ಭಾರವೆಲ್ಲ ಸ್ವಲ್ಪ ಜಾಗದ ಮೇಲೇ ಬೀಳುತ್ತೆ. ಇಂಥ ಗಾಯ ಆದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ 10–20 ವರ್ಷದೊಳಗೆ ಸಂಧಿ ಸವೆತ ಕಾಣಿಸುತ್ತೆ. ಸೈನಾ ನೆಹ್ವಾಲ್ ಅವರನ್ನೇ ನೋಡಿ. 2016ರಲ್ಲಿ ಮಂಡಿ ಆಪರೇಷನ್, 2017ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು, 2024ರಲ್ಲಿ 34ನೇ ವಯಸ್ಸಿಗೇ ಸಂಧಿವಾತ ಇದೆ ಅಂತ ಅವರೇ ಹೇಳಿಕೊಂಡ್ರು. ಆಪರೇಷನ್ ಕೆಟ್ಟಿದ್ದಕ್ಕೇ ಹೀಗಾಯ್ತು ಅಂದ್ಕೋಬೇಡಿ.

44ಕ್ಕೆ ಮಂಡಿ ಬದಲಾಯಿಸೋಕೆ ನಾನು ಅವಸರ ಮಾಡಲ್ಲ. ಚಿಕ್ಕ ವಯಸ್ಸಲ್ಲಿ ಹಾಕಿಸಿಕೊಂಡವರಿಗೆ ಮುಂದೆ ಇನ್ನೊಂದು ಆಪರೇಷನ್ ಬೀಳೋ ಸಂಭವ ಜಾಸ್ತಿ.

ಒಂದು ಕೆಲಸ ಮಾಡಿ. ಟೈಲರ್ ಟೇಪ್ ತಗೊಂಡು, ಮಂಡಿಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲೆ ಪೆನ್ನಲ್ಲಿ ಗೆರೆ ಹಾಕಿ, ಎರಡೂ ತೊಡೆ ಸುತ್ತಳತೆ ಬರೀರಿ. ತೂಕ ಎಷ್ಟು? ವ್ಯಾಯಾಮ ಮಾಡ್ತೀರಾ?

ಮಾಜಿ ರೈಡರ್: ಬಲ 53, ಎಡ 49. ನಂಬಿಕೆ ಬರ್ಲಿಲ್ಲ, ಹೆಂಡತಿ ಕೈಲಿ ಮತ್ತೆ ಅಳತೆ ಮಾಡಿಸಿದೆ. ಆಡುವಾಗ 78 ಕೆಜಿ ಇದ್ದೆ, ಈಗ 94. ಆಟ ಬಿಟ್ಟ ದಿನದಿಂದ ಗ್ರೌಂಡ್ ಕಡೆ ಹೋಗಿಲ್ಲ ಮೇಡಂ. ಹೋದ್ರೆ ಸಂಕಟ ಆಗುತ್ತೆ.

ಉತ್ತರ: ಆ ಸಂಕಟ ನನಗೆ ಗೊತ್ತು ಅಣ್ಣಾ, ನನ್ನ ಹತ್ರ ಬರೋ ಹಳೇ ಆಟಗಾರರು ಸುಮಾರು ಜನ ಇದನ್ನೇ ಹೇಳ್ತಾರೆ. ಆದ್ರೆ ಆರು ವರ್ಷ ಆ ಗಾಯದ ಮಂಡಿಯನ್ನ ಕಾಪಾಡಿದ್ದು ನಿಮ್ಮ ತೊಡೆ. ಆ ನಾಲ್ಕು ಸೆಂಟಿಮೀಟರ್ ವಾಪಸ್ ತರಬೇಕು.

ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, ಎದ್ದು ಕೂರಿ. ಕೂರುವಾಗ ಮೂರು ಎಣಿಸಿ ನಿಧಾನ ಇಳೀರಿ. ಹತ್ತು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಮಧ್ಯದ ದಿನಗಳಲ್ಲಿ ಸೈಕಲ್. ವ್ಯಾಯಾಮದಲ್ಲಿ ಸ್ವಲ್ಪ ನೋವಾದ್ರೆ ಹೆದರಬೇಡಿ, ಮಾರನೇ ಬೆಳಿಗ್ಗೆ ಮಂಡಿ ಊದಿದ್ರೆ ಕಮ್ಮಿ ಮಾಡಿ. ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ನಾಲ್ಕು ಕೆಜಿಯಷ್ಟು ಭಾರ ಇಳಿಯುತ್ತೆ. ಮಂಡಿ ಮಡಚಿದ್ದು ಬಿಚ್ಚದೆ ಸಿಕ್ಕಿಹಾಕ್ಕೊಂಡ್ರೆ ತಡ ಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ.

ಇನ್ನೊಬ್ಬ ಸದಸ್ಯರು (ಆಸ್ಟಿನ್ ಟೌನ್, ಬೆಂಗಳೂರು): ನಾನು ಫುಟ್‌ಬಾಲ್ ಡಿಫೆಂಡರ್ ಆಗಿದ್ದೆ. ಅಷ್ಟು ವರ್ಷ ಹೆಡ್ಡಿಂಗ್ (ತಲೆಯಿಂದ ಚೆಂಡು ಹೊಡೆಯೋದು) ಮಾಡಿದ್ದಕ್ಕೆ ಮರೆವು ಬರುತ್ತಾ?

ಉತ್ತರ: ಎಲ್ಲರಿಗೂ ಬರಲ್ಲ ಸರ್, ಆದ್ರೆ ಅಪಾಯ ಇರೋದು ನಿಜ. 2019ರಲ್ಲಿ ಗ್ಲಾಸ್ಗೋ ಸಂಶೋಧಕರು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ದಾಖಲೆ ನೋಡಿದ್ರು. ಮಿದುಳು ಸವೆಯುವ ಕಾಯಿಲೆಗಳಿಂದ ಸಾಯೋದು ಅವರಲ್ಲಿ ಬೇರೆಯವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. 2021ರಲ್ಲಿ ಅದೇ ತಂಡ ಮತ್ತೆ ನೋಡಿದಾಗ, ಇಂಥ ಕಾಯಿಲೆ ಬರೋ ಅಪಾಯ ಗೋಲ್‌ಕೀಪರ್‌ಗಳಲ್ಲಿ ಅಷ್ಟಾಗಿ ಹೆಚ್ಚಿರಲಿಲ್ಲ, ಡಿಫೆಂಡರ್‌ಗಳಲ್ಲೇ ಅತಿ ಹೆಚ್ಚು. ಮನೆಯವರು ‘ಇತ್ತೀಚೆಗೆ ಬದಲಾಗಿದ್ದೀರಿ’ ಅಂದ್ರೆ ತಳ್ಳಿಹಾಕದೆ ನ್ಯೂರಾಲಜಿಸ್ಟ್ ನೋಡಿ. ಮರೆವಿನ ಅಪಾಯ ಕಮ್ಮಿ ಮಾಡೋಕೆ ಬಿಪಿ, ಶುಗರ್ ಹಿಡಿತದಲ್ಲಿರಲಿ, ಕಿವಿ ಮಂದವಾಗಿದ್ರೆ ಅದನ್ನೂ ತೋರಿಸಿ.

ಮಾಜಿ ರೈಡರ್: ಮೇಡಂ, ಇವತ್ತು ಕುರ್ಚಿಯಿಂದ ಏಳು ಸಲ ಎದ್ದೆ, ಎಂಟನೇದಕ್ಕೆ ಕಾಲು ನಡುಗ್ತು. ನಮ್ಮ ಟೀಮಿನ ಕ್ಯಾಚರ್ ಒಬ್ಬನ ಬಲಮಂಡಿನೂ ಹಿಂಗೇ. ಅವನಿಗೂ ಟೇಪ್ ತಗೊಂಡು ಹೋಗ್ತಿದ್ದೀನಿ.

ಉತ್ತರ: ಏಳರಿಂದಲೇ ಶುರು ಮಾಡಿ ಅಣ್ಣಾ. ಅವರನ್ನೂ ಇಲ್ಲಿಗೆ ಸೇರಿಸಿ. ಆರು ವಾರ ಬಿಟ್ಟು, ಅದೇ 15 ಸೆಂ.ಮೀ. ಜಾಗದಲ್ಲಿ ಇಬ್ಬರೂ ಅಳೆದು ಬರೀರಿ.