ಹಳೇ ಚೀಟಿ, ಹೊಸ ಸ್ಟ್ರಿಪ್: ಬಿಟ್ಟಿದ್ದ ಖಿನ್ನತೆ ಮಾತ್ರೆಯನ್ನ ನಾವೇ ಮತ್ತೆ ಶುರು ಮಾಡಬಹುದಾ?

ವೆಂಕಟೇಶ್, ಹನುಮಂತನಗರ
ನೇರವಾಗಿ ಕೇಳ್ತೀನಿ. ಎಸಿಟಾಲೊಪ್ರಾಮ್ 20 ಮಿ.ಗ್ರಾಂ. ತಗೊಳ್ತಿದ್ದವರು ಹುಷಾರಾದ್ವಿ ಅಂತ ಬಿಟ್ಟು ಐದು ತಿಂಗಳಾಗಿದೆ ಅಂದ್ಕೊಳ್ಳಿ. ಈಗ ಮತ್ತೆ ನಿದ್ದೆ ಕೆಟ್ಟಿದೆ, ಯಾವುದರಲ್ಲೂ ಮನಸ್ಸಿಲ್ಲ. ಹಳೇ ಚೀಟಿ ಮನೇಲಿದೆ, ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಸಿಗುತ್ತೆ. 'ಡಾಕ್ಟರನ್ನ ನೋಡಿ' ಅಂತ ಹೇಳಿ ಕೈತೊಳ್ಕೊಳ್ಳೋದು ಸುಲಭ. ವೈಟ್‌ಫೀಲ್ಡ್‌ನಿಂದ ಜಯನಗರಕ್ಕೆ ಬರೋದಕ್ಕೇ ಅರ್ಧ ದಿನ ರಜೆ ಹಾಕ್ಬೇಕು, ಮೇಲೆ ಫೀಸು. ಹೀಗಾಗಿ ಜನ ಹೇಗೂ ತಾವೇ ಶುರು ಮಾಡ್ಕೊಳ್ತಾರೆ. ಒಮ್ಮೆ ಒಗ್ಗಿದ ಮಾತ್ರೆ, ಅದೇ ಡೋಸ್. ತೊಂದರೆ ಎಲ್ಲಿದೆ ಅಂತ ಬಿಡಿಸಿ ಹೇಳಿ.

ಶ್ರೀವಿದ್ಯಾ, ಮನೋವೈದ್ಯಶಾಸ್ತ್ರ
ಒಗ್ಗಿದ್ದು ಆಗ, ವೆಂಕಟೇಶ್ ಅವರೇ. ಎಸಿಟಾಲೊಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 30 ಗಂಟೆ ಸಾಕು, ಬಿಟ್ಟ ವಾರದಲ್ಲಿ ಹೆಚ್ಚುಕಮ್ಮಿ ಪೂರ್ತಿ ಖಾಲಿ. ಐದು ತಿಂಗಳಾದ ಮೇಲೆ ದೇಹಕ್ಕೆ ಅದು ಹೊಸ ಔಷಧಿಯೇ. ಮೊದಲ ಸಲ ಯಾರೂ 20ರಿಂದ ಶುರು ಮಾಡಿಸಿರಲ್ಲ. 5 ಅಥವಾ 10ರಿಂದ ಹಿಡಿದು ನೋಡಿಕೊಂಡು ಏರಿಸಿರ್ತಾರೆ. ಚೀಟಿಯಲ್ಲಿ ಉಳಿದಿರೋದು ಕೊನೆಯ ಮೆಟ್ಟಿಲು ಮಾತ್ರ.

ಒಮ್ಮೆಲೇ 20 ನುಂಗಿದರೆ ವಾಕರಿಕೆ, ಭೇದಿ, ತಲೆನೋವು, ಕೈನಡುಕ ಬರಬಹುದು. ಅದಕ್ಕಿಂತ ಹೆಚ್ಚು ಕಾಡೋದು ಒಳಗಿನ ತಳಮಳ: ಕೂತಲ್ಲಿ ಕೂರೋಕಾಗಲ್ಲ, ರಾತ್ರಿ ಎದ್ದು ಹಜಾರದಲ್ಲಿ ಓಡಾಡ್ತಿರ್ತಾರೆ. ಅಡ್ಡಪರಿಣಾಮ ಮೊದಲ ದಿನವೇ ಶುರುವಾಗುತ್ತೆ, ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು. ಒಬ್ಬರೇ ಶುರು ಮಾಡಿದವರು ಎಡವೋದು ಈ ಅಂತರದಲ್ಲೇ. 'ಈ ಸಲ ಆಗ್ತಿಲ್ಲ' ಅಂತ ಐದನೇ ದಿನ ಬಿಡ್ತಾರೆ, ಇಲ್ಲಾ 'ಸಾಲ್ತಿಲ್ಲ' ಅಂತ ಇನ್ನೂ ಏರಿಸ್ತಾರೆ.

ವಯಸ್ಸೂ ಮುಖ್ಯ. 24ರವರೆಗಿನವರಲ್ಲಿ ಶುರುವಿನ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಎಲ್ಲ ಔಷಧಿಗಳ ಮೇಲೂ ಎಚ್ಚರಿಕೆ ಹಾಕಿಸಿದೆ. 2004ರಲ್ಲಿ ಮಕ್ಕಳು, ಹದಿಹರೆಯದವರಿಗೆ ಅಂತ ಇದ್ದದ್ದನ್ನ 2007ರಲ್ಲಿ 24ರವರೆಗೆ ವಿಸ್ತರಿಸಿದ್ರು. ಔಷಧಿ ಕೊಡಬೇಡಿ ಅಂತ ಅದರರ್ಥ ಅಲ್ಲ, ಶುರುವಿನಲ್ಲಿ ಜೊತೆಗೆ ನೋಡೋರು ಇರಲಿ ಅಂತ.

ಗಿರೀಶ್, ಫಾರ್ಮಸಿಸ್ಟ್, ಬಸವನಗುಡಿ
ಕೌಂಟರ್ ಕಡೆಯಿಂದ ಒಂದು ಮಾತು. ಹಳೇ ಚೀಟಿ ತರೋರಲ್ಲಿ ಬಹಳ ಜನಕ್ಕೆ ತಾವು ತಗೊಳ್ತಿದ್ದದ್ದು ಒಂದೇ ಮಾತ್ರೇನಾ, ಕಾಂಬಿನೇಷನ್ನಾ ಅಂತ ಗೊತ್ತಿರಲ್ಲ. ಸ್ಟ್ರಿಪ್ ತಿರುಗಿಸಿ ಬ್ರ್ಯಾಂಡ್ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ. 'ಎಸಿಟಾಲೊಪ್ರಾಮ್ 10, ಕ್ಲೊನಾಜೆಪಾಮ್ 0.5' ಅಂತ ಇದ್ದರೆ ಅದು ಎರಡು ಔಷಧಿ. ಕ್ಲೊನಾಜೆಪಾಮ್ ಆತಂಕ ತಗ್ಗಿಸಿ ಮಂಪರು ತರೋ ಔಷಧಿ, ಡಾಕ್ಟರ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಬಿಟ್ಟು ತಿಂಗಳುಗಳಾದವರು ಹಳೇ ಲೆಕ್ಕದಲ್ಲೇ ತಗೊಂಡರೆ ಮಂಪರು ಜಾಸ್ತಿ. ಮಾರನೇ ಬೆಳಿಗ್ಗೆ ಸಿಲ್ಕ್ ಬೋರ್ಡ್ ಕಡೆ ಗಾಡಿ ಓಡಿಸೋ ಸ್ಥಿತಿ ಇರಲ್ಲ. ದಿನಾ ತಗೊಂಡ್ರೆ ಕೆಲವೇ ವಾರಗಳಲ್ಲಿ ಅಭ್ಯಾಸಕ್ಕೂ ಬೀಳುತ್ತೆ.

ಈ ಮಧ್ಯೆ ಬೇರೆ ಏನು ಸೇರಿಕೊಂಡಿದೆ ಅಂತಾನೂ ನೋಡಿ. ಬೆನ್ನುನೋವಿಗೆ ಟ್ರಮಡಾಲ್, ಒಣಕೆಮ್ಮಿಗೆ ಡೆಕ್ಸ್ಟ್ರೊಮೆಥಾರ್ಫಾನ್ ಇರೋ ಸಿರಪ್, ಮೈಗ್ರೇನಿಗೆ ಸುಮಾಟ್ರಿಪ್ಟಾನ್: ಇವೆಲ್ಲ ಎಸಿಟಾಲೊಪ್ರಾಮ್ ಥರವೇ ಸೆರೊಟೊನಿನ್ ಅನ್ನೋ ಮಿದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡೋವು, ಒಟ್ಟಿಗೆ ಸೇರಿದ್ರೆ ಅದು ಅತಿಯಾಗಬಹುದು. ಬ್ರೂಫೆನ್ ಥರದ ನೋವಿನ ಮಾತ್ರೆ ಜೊತೆಗಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚು. ಹಳೇ ಚೀಟಿ ಬರೆದ ಡಾಕ್ಟರಿಗೆ ಇದ್ಯಾವುದೂ ಗೊತ್ತಿರೋಕೆ ಸಾಧ್ಯ ಇಲ್ಲ.

ನಾಗರತ್ನ, ಸ್ಟಾಫ್ ನರ್ಸ್
ವಯಸ್ಸಾದವರ ವಿಷಯ ಯಾರೂ ಎತ್ತಲಿಲ್ಲ. ಬಿಪಿಗೆ ಹೈಡ್ರೊಕ್ಲೋರೊಥಯಾಜೈಡ್ ಸೇರಿರೋ ಮಾತ್ರೆ ತಗೊಳ್ಳೋ ಅಜ್ಜಿಗೆ ಇದನ್ನ ಮತ್ತೆ ಶುರು ಮಾಡಿದ್ರೆ ಮೊದಲ ವಾರಗಳಲ್ಲೇ ಸೋಡಿಯಂ ಇಳಿಯಬಹುದು. ಸಾಮಾನ್ಯ ಮಟ್ಟ 135ರಿಂದ 145. ಇಳಿದಾಗ ಮಂಕಾಗ್ತಾರೆ, ನಡೆಯುವಾಗ ತೂರಾಡ್ತಾರೆ, ಹೇಳಿದ್ದನ್ನೇ ಹೇಳ್ತಾರೆ. ಮನೆಯವರು 'ಖಿನ್ನತೆ ಜಾಸ್ತಿಯಾಯ್ತು, ಇನ್ನೊಂದು ಮಾತ್ರೆ ಕೊಡು' ಅಂತಾರೆ! ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗೋ ವಿಷಯ ಇದು. ಜೊತೆಗೆ ಎಸಿಟಾಲೊಪ್ರಾಮ್ ಹೃದಯದ ಬಡಿತದ ಲಯಕ್ಕೆ ತೊಂದರೆ ಕೊಡಬಹುದು ಅಂತ ವಯಸ್ಸಾದವರಿಗೆ 10 ಮಿ.ಗ್ರಾಂ. ದಾಟಿಸಲ್ಲ. ಅರವತ್ತರ ಒಳಗೆ ಬರೆದ 20ರ ಚೀಟಿ ಈಗಿನ ವಯಸ್ಸಿಗೆ ಸರಿಹೊಂದದೇ ಇರಬಹುದು.

ವೆಂಕಟೇಶ್, ಹನುಮಂತನಗರ
20 ತಪ್ಪು ಅನ್ನೋದನ್ನ ಒಪ್ಪಿದೆ. ಹಾಗಾದ್ರೆ 5ರಿಂದ ಶುರು ಮಾಡಿ ವಾರವಾರ ಏರಿಸೋ ಪಟ್ಟಿಯನ್ನ ಇಲ್ಲೇ ಬರೆದುಬಿಡಿ. ಹೇಗೂ ನುಂಗೋರು ಸರಿಯಾಗಿಯಾದ್ರೂ ನುಂಗಲಿ. ಊರಿಗೆ ಹೋದಾಗ ಎರಡು ದಿನ ಮಾತ್ರೆ ಮರೆತವರೂ ಡಾಕ್ಟರ್ ಹತ್ರ ಓಡ್ಬೇಕಾ?

ಶ್ರೀವಿದ್ಯಾ, ಮನೋವೈದ್ಯಶಾಸ್ತ್ರ
ಒಂದೆರಡು ದಿನ ಮರೆತವರು ಓಡಬೇಕಿಲ್ಲ. ಮಾರನೇ ದಿನ ಎಂದಿನ ಹೊತ್ತಿಗೆ ಎಂದಿನ ಡೋಸ್. ತಪ್ಪಿದ್ದನ್ನ ಸೇರಿಸಿ ಎರಡು ನುಂಗೋದು ಬೇಡ. ಖಿನ್ನತೆ ಮಾತ್ರೆಗಳಲ್ಲೇ ವೆನ್ಲಾಫ್ಯಾಕ್ಸಿನ್, ಪ್ಯಾರೊಕ್ಸೆಟಿನ್ ಬೇಗ ಇಳಿಯೋದರಿಂದ ಎರಡು ದಿನಕ್ಕೇ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗೋದು ಇದೆ. ಫ್ಲುಯಾಕ್ಸೆಟಿನ್ ವಾರಗಟ್ಟಲೆ ದೇಹದಲ್ಲೇ ಇರೋದರಿಂದ ಒಂದೆರಡು ದಿನ ತಪ್ಪಿದರೆ ಗೊತ್ತೇ ಆಗಲ್ಲ. ವಾರ ದಾಟಿದ್ರೆ ಡೋಸ್ ಎಷ್ಟು ಅಂತ ಫೋನಿನಲ್ಲಾದ್ರೂ ಕೇಳಿ. ತಿಂಗಳು ದಾಟಿದ್ರೆ ಅದು ಹೊಸ ಆರಂಭವೇ.

ಪಟ್ಟಿ ಬರೆಯಲ್ಲ, ಕಾರಣ ಹೇಳ್ತೀನಿ. ಮೊದಲನೆಯದು, ಈಗಿರೋದು ಖಿನ್ನತೆಯೇನಾ? ಥೈರಾಯ್ಡ್ ಕಮ್ಮಿಯಾದ್ರೂ ಸುಸ್ತು, ಮಂಕು ಹೀಗೇ ಇರುತ್ತೆ. ಎರಡನೆಯದು ಬೈಪೋಲಾರ್, ಅಂದ್ರೆ ಖಿನ್ನತೆಯೂ ಉನ್ಮಾದವೂ ಬಂದುಹೋಗೋ ಕಾಯಿಲೆ. ಮಧ್ಯದಲ್ಲೆಲ್ಲೋ ಮೂರು ಗಂಟೆ ನಿದ್ದೆಯಲ್ಲೇ ಹುರುಪು, ಅತಿಮಾತು, ಕೈಮೀರಿದ ಖರ್ಚು ಇದ್ದವರಿಗೆ ಈ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು, 5 ಮಿ.ಗ್ರಾಂ. ಆದ್ರೂ ಅಷ್ಟೇ. ಮೂರನೆಯದು, ಅದೇ ಚೀಟಿಯಲ್ಲಿ ಮೂಡ್ ಏರಿಳಿತ ತಡೆಯೋ ಲ್ಯಾಮೊಟ್ರಿಜಿನ್ ಇದ್ದರೆ. ಇದನ್ನ ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ: ಸುಮಾರು ಐದು ದಿನ ಬಿಟ್ಟರೂ ಹಳೇ 100, 200ಕ್ಕೆ ಮರಳೋ ಹಾಗಿಲ್ಲ. ಮತ್ತೆ 25ರಿಂದಲೇ, ಅದೇ ಥರದ ಇನ್ನೊಂದು ಮಾತ್ರೆ ವ್ಯಾಲ್‌ಪ್ರೊಯೇಟ್ ಜೊತೆಗಿದ್ದರೆ ಇನ್ನೂ ನಿಧಾನ. ಇಲ್ಲದಿದ್ರೆ ಚರ್ಮ ಸುಲಿದು, ಬಾಯಿ ಕಣ್ಣು ಹುಣ್ಣಾಗಿ ಐಸಿಯು ಸೇರೋ ಅಪಾಯ ಇದೆ.

ಇಮ್ರಾನ್, ಆರ್.ಟಿ. ನಗರ
ಶ್ರೀವಿದ್ಯಾ ಮೇಡಂ ಹೇಳಿದ್ದೆಲ್ಲ ಸರಿ, ಆದರೆ ವೆಂಕಟೇಶ್ ಸಾರ್ ಕೇಳಿದ ಅರ್ಧಕ್ಕೆ ಉತ್ತರ ಬಂದಿಲ್ಲ. ದಾರಿ ದೂರ ಅನ್ನೋದು ನಿಜ, ಹಾಗಂತ ಮುಚ್ಚಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ, ಅದೇ ಕಾಯಿಲೆಗೆ ಅದೇ ಡಾಕ್ಟರನ್ನ 6 ತಿಂಗಳೊಳಗೆ ಖುದ್ದಾಗಿ ಕಂಡಿದ್ದರೆ ಫೋನ್ ಮಾತುಕತೆಯೇ ಮರುಭೇಟಿ ಅನಿಸಿಕೊಳ್ಳುತ್ತೆ. ಅವಧಿ ದಾಟಿದ್ರೆ ವಿಡಿಯೊದಲ್ಲಿ ಹೊಸದಾಗಿ ತೋರಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮೊದಲು ಕೌನ್ಸೆಲರ್, ಬೇಕಾದ್ರೆ ತಜ್ಞರಿಗೆ ದಾಟಿಸ್ತಾರೆ. ಬದುಕೋದೇ ಬೇಡ ಅನ್ನೋ ಯೋಚನೆ ಇದ್ದರಂತೂ ಅಪಾಯಿಂಟ್‌ಮೆಂಟ್ ಕಾಯೋದೇ ಬೇಡ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತೆ. ಜೊತೆಗೊಬ್ಬರನ್ನ ಕರ್ಕೊಂಡು ಹೋಗಿ, ಮನೇಲಿರೋ ಸ್ಟ್ರಿಪ್‌ಗಳನ್ನ ಇನ್ನೊಬ್ಬರ ಕೈಗೆ ಕೊಟ್ಟು ಹೊರಡಿ.

ವೆಂಕಟೇಶ್, ಹನುಮಂತನಗರ
ಲ್ಯಾಮೊಟ್ರಿಜಿನ್ ವಿಷಯ ಓದಿದ ಮೇಲೆ ಪಟ್ಟಿ ಕೇಳಿದ್ದನ್ನ ವಾಪಸ್ ತಗೊಳ್ತೀನಿ. ಆದರೆ ಈಗಾಗಲೇ ನಿನ್ನೆಯೋ ಮೊನ್ನೆಯೋ ಶುರು ಮಾಡ್ಕೊಂಡು ಇದನ್ನ ಓದ್ತಿರೋರು?

ನಾಗರತ್ನ, ಸ್ಟಾಫ್ ನರ್ಸ್
ಗಾಬರಿ ಬೇಡ. ಡೋಸ್ ಏರಿಸೋದೂ ಬೇಡ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಯಾವ ಮಾತ್ರೆ, ಎಷ್ಟು ಮಿ.ಗ್ರಾಂ., ಯಾವತ್ತು ಬಿಟ್ಟಿದ್ದು, ಯಾವತ್ತಿಂದ ಮತ್ತೆ ಶುರು, ಜೊತೆಗೆ ಏನೇನು ತಗೊಳ್ತಿದ್ದೀರಿ, ಇಷ್ಟನ್ನ ಬರೆದಿಟ್ಟುಕೊಂಡು ಮಾತಾಡಿದ್ರೆ ಐದು ನಿಮಿಷದ ಕೆಲಸ. ಜ್ವರ, ವಿಪರೀತ ಬೆವರು, ಕಾಲು ತಾನಾಗೇ ಅದುರೋದು, ಭೇದಿ, ಗೊಂದಲ ಒಟ್ಟಿಗೆ ಬಂದ್ರೆ, ಅಥವಾ ಮೈಮೇಲೆ ಗುಳ್ಳೆ ಎದ್ದರೆ, ಮುಂದಿನ ಮಾತ್ರೆ ತಗೊಳ್ಳದೆ ಆ ಸ್ಟ್ರಿಪ್ ಕೈಯಲ್ಲಿ ಹಿಡ್ಕೊಂಡೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.