ಅನೇರೋಬಿಕ್ (ಗಾಳಿಯಿಲ್ಲದೆ ಕೊಳಚೆ ಕೊಳೆಸುವ) ಟ್ಯಾಂಕ್ ದಾಟಿ ಬಂದ ನೀರಲ್ಲೂ ಜಂತುಹುಳು ಮೊಟ್ಟೆ, ಕೋಲಿಫಾರ್ಮ್: ತಪ್ಪು ಎಲ್ಲಿದೆ?

ಲೇಔಟ್_ನೀರು:
ಸರ್ಜಾಪುರ ರಸ್ತೆ ಕಡೆಯ ಲೇಔಟ್, 40 ಮನೆ, ಯುಜಿಡಿ (ಒಳಚರಂಡಿ) ಇಲ್ಲ. ದಿನಕ್ಕೆ 18,000 ಲೀಟರ್ ಕೊಳಚೆ. ಮೊದಲು ಸೆಟ್ಲರ್ (ಗಷ್ಟು ತಳಕ್ಕೆ ಕೂರೋ ತೊಟ್ಟಿ), ಆಮೇಲೆ ಐದು ಕೋಣೆಯ ಬ್ಯಾಫಲ್ ರಿಯಾಕ್ಟರ್ (ಪ್ರತಿ ಕೋಣೆಯಲ್ಲೂ ನೀರು ತಳದ ಕೆಸರಿನ ಮೂಲಕ ಮೇಲೇರತ್ತೆ; ಕೋಣೆ 1 ಮೀ ಉದ್ದ, 1.2 ಮೀ ಅಗಲ, ನೀರಿನ ಆಳ 1.8 ಮೀ), ಅನೇರೋಬಿಕ್ ಫಿಲ್ಟರ್, ಕಾಬಾಳೆ ನೆಟ್ಟ ಜಲ್ಲಿ ಹಾಸು, ಕ್ಲೋರಿನ್ ತೊಟ್ಟಿ, ಕೊನೆಗೆ ಪಾರ್ಕ್. ದಿನಕ್ಕೆ 1 ಲೀಟರ್ 10% ಹೈಪೋ (ಕ್ಲೋರಿನ್ ದ್ರಾವಣ) ಹಾಕ್ತಿದ್ದೀವಿ.

ಜಲ್ಲಿ ಹಾಸಿನ ನಂತರದ ವರದಿ, ಲೀಟರಿಗೆ ಮಿಲಿಗ್ರಾಂನಲ್ಲಿ: ಬಿಒಡಿ (ಕೊಳೆಯುವ ಕಲ್ಮಶದ ಅಳತೆ) 28, ಅಮೋನಿಯಾ ನೈಟ್ರೋಜನ್ 42, ಸಲ್ಫೈಡ್ 4. ಫೀಕಲ್ ಕೋಲಿಫಾರ್ಮ್ (ಮಲದ ಬ್ಯಾಕ್ಟೀರಿಯಾ) 100 ಮಿಲೀಗೆ 2 ಲಕ್ಷ. ಕ್ಲೋರಿನ್ ಆದ ಮೇಲೂ ಹೆಚ್ಚೂಕಮ್ಮಿ ಅಷ್ಟೇ. ಜಂತುಹುಳು ಮೊಟ್ಟೆ ಲೀಟರಿಗೆ 6. ಇನ್ನೆರಡು ಕೋಣೆ ಕಟ್ಟಿಸಿದರೆ ಸರಿಹೋಗತ್ತಾ? ಪಾರ್ಕಿನ ಮೂಲೆಯಲ್ಲಿ ಕೆಲವರು ದಂಟು, ಕೊತ್ತಂಬರಿ ಹಾಕಿದ್ದಾರೆ.

ಕೆಸರುಗುಂಡಿ:
ಸೊಪ್ಪಿಗೆ ಆ ನೀರು ಬಿಡೋದನ್ನ ಇವತ್ತೇ ನಿಲ್ಲಿಸಿ. ಮಿಕ್ಕಿದ್ದು ಆಮೇಲೆ.

ಬಿಒಡಿ 28 ಅಂದರೆ ಟ್ಯಾಂಕ್ ತನ್ನ ಕೆಲಸ ಮಾಡ್ತಿದೆ. ರೋಗಾಣು ಕೊಲ್ಲೋದು ಅದರ ಕೆಲಸವೇ ಅಲ್ಲ. ನಮ್ಮೂರಿನ ಹವೆಯಲ್ಲಿ, 25 ಡಿಗ್ರಿ ಆಸುಪಾಸಿನಲ್ಲಿ ನಡೆಯುವ ಟ್ಯಾಂಕು ಕೋಲಿಫಾರ್ಮನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದೇ ಹೆಚ್ಚು. ಮೊಟ್ಟೆಗಳಂತೂ ಅಲ್ಲಿ ಸಾಯಲ್ಲ, ತಳಕ್ಕೆ ಕೂರುತ್ತವೆ, ಅಷ್ಟೇ. ಹಾಗಾಗಿ ನೋಡಬೇಕಾದ್ದು ನೀರು ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದಲ್ಲ, ಎಷ್ಟು ವೇಗವಾಗಿ ಮೇಲಕ್ಕೇರುತ್ತೆ ಅನ್ನೋದು. ಬೆಳಗಿನ ಹೊತ್ತು ಎಷ್ಟು ನೀರು ಬರತ್ತೆ?

ಲೇಔಟ್_ನೀರು:
6ರಿಂದ 9ರೊಳಗೆ ದಿನದ ಸುಮಾರು 40%.

ಕೆಸರುಗುಂಡಿ:
ಹಾಗಾದರೆ 7.2 ಘನ ಮೀಟರ್, ಮೂರು ಗಂಟೆಯಲ್ಲಿ. ಗಂಟೆಗೆ 2.4. ಕೋಣೆಯ ತಳದ ವಿಸ್ತೀರ್ಣ 1.2 ಚದರ ಮೀಟರ್, ಅಂದರೆ ನೀರು ಗಂಟೆಗೆ 2 ಮೀಟರ್ ಮೇಲೇರುತ್ತಿದೆ. ಜಂತುಹುಳು ಮೊಟ್ಟೆ ತಿಳಿನೀರಲ್ಲೇ ಗಂಟೆಗೆ ಸುಮಾರು 0.65 ಮೀಟರ್ ಇಳಿಯುವಂಥದ್ದು, ಕೊಕ್ಕೆಹುಳುವಿನದು ಇನ್ನೂ ನಿಧಾನ. ಕೂತಿದ್ದ ಕೆಸರೇ ಬೆಳಗ್ಗೆ ಎದ್ದು ಹೊರಡುತ್ತೆ. ಎರಡು ಕೋಣೆ ಸೇರಿಸಿದರೂ ವೇಗ ಅದೇ ಇರತ್ತೆ, ದುಡ್ಡು ದಂಡ.

ಸೆಟ್ಲರ್ ಆದ ಮೇಲೆ 6 ಘನ ಮೀಟರಿನ ಸಂಪ್ ಕಟ್ಟಿಸಿ, ಸಣ್ಣ ಪಂಪಿಟ್ಟು ಗಂಟೆಗೆ 0.8 ಘನ ಮೀಟರ್ ಮಾತ್ರ ಬಿಡಿ. ವೇಗ 0.67ಕ್ಕೆ, ಅಂದರೆ ಮೊಟ್ಟೆ ಇಳಿಯೋ ವೇಗದ ಹತ್ತಿರಕ್ಕೆ ಬರತ್ತೆ, ಕೂರದೆ ಉಳಿದ ಮೊಟ್ಟೆಯೂ ಬಹುಪಾಲು ಕೆಸರಿನ ಹಾಸಿಗೆ ಸಿಕ್ಕಿಕೊಳ್ಳುತ್ತೆ. ಕಟರ್ ಇರೋ ಪಂಪ್ ಬೇಡ, ಗಡ್ಡೆಗಳನ್ನ ಪುಡಿ ಮಾಡಿದರೆ ಮೊಟ್ಟೆ ಮತ್ತೆ ತೇಲತ್ತೆ.

ಬಿಸಿನೀರು:
ಟ್ಯಾಂಕನ್ನೇ 55 ಡಿಗ್ರಿಗೆ ಕಾಯಿಸಿದರೆ? ಗ್ಯಾಸ್ ಹೇಗೂ ಬರತ್ತಲ್ಲ. ಆ ಶಾಖಕ್ಕೆ ಮೊಟ್ಟೆ ಸಾಯತ್ತೆ ಅಂತ ಓದಿದ್ದೆ.

ಕೆಸರುಗುಂಡಿ:
ಸಾಯತ್ತೆ, ನಿಜ. ಆದರೆ 18,000 ಲೀಟರನ್ನು 25ರಿಂದ 55ಕ್ಕೆ ಏರಿಸಲು ದಿನಕ್ಕೆ ಸುಮಾರು 630 ಯೂನಿಟ್ ಶಾಖ ಬೇಕು. ಇಷ್ಟು ಕೊಳಚೆಯಿಂದ ಸಿಗೋ ಮೀಥೇನ್ ಕೊಡೋದು 20 ಯೂನಿಟ್ ಆಸುಪಾಸು, ಅದರಲ್ಲೂ ಒಂದಷ್ಟು ನೀರಲ್ಲೇ ಕರಗಿ ಹೋಗತ್ತೆ. ಗಟ್ಟಿ ಕೆಸರಿಗೆ ಸರಿ, ನೀರಿಗಲ್ಲ.

ಹೈಪೋ_ಮೀಟರ್:
ಕ್ಲೋರಿನ್ ಕಥೆ ಬೇರೆ. ನೀವು ಹಾಕ್ತಿರೋದು ಲೀಟರಿಗೆ 5.5 ಮಿಲಿಗ್ರಾಂ. ಸಲ್ಫೈಡ್ ಒಂದು ಮಿಲಿಗ್ರಾಂಗೆ ಕನಿಷ್ಠ 2, ಪೂರ್ತಿ ಸಲ್ಫೇಟ್ ಆಗೋವರೆಗೆ 8ಕ್ಕೂ ಹೆಚ್ಚು ಕ್ಲೋರಿನ್ ನುಂಗತ್ತೆ. ನಿಮ್ಮ ಡೋಸು ಅಲ್ಲೇ ಮುಗೀತು. ಸಲ್ಫೈಡಿನ ಕೊಳೆತ ಕೋಳಿಮೊಟ್ಟೆ ವಾಸನೆ ಬರೋ ನೀರಿಗೆ ಕ್ಲೋರಿನ್ ಹಾಕೋದು ವ್ಯರ್ಥ.

ಅದಾದ ಮೇಲೆ ಅಮೋನಿಯಾ. ಫ್ರೀ ಕ್ಲೋರಿನ್ (ಅಮೋನಿಯಾ ಜತೆ ಸೇರಿಹೋಗದ ಕ್ಲೋರಿನ್) ಉಳೀಬೇಕಾದರೆ ಅಮೋನಿಯಾ ನೈಟ್ರೋಜನ್ನಿನ 8-10 ಪಟ್ಟು ಹಾಕಬೇಕು. 42ಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ 60ರಿಂದ 75 ಲೀಟರ್ ಹೈಪೋ! ಯಾರೂ ಮಾಡಲ್ಲ. ಮೊದಲು ಗಾಳಿ ಕೊಡಿ. ಜಲ್ಲಿ ಹಾಸಿನ ನಂತರ 4.5 ಘನ ಮೀಟರಿನ ಎಂಬಿಬಿಆರ್ ಟ್ಯಾಂಕ್ (ಗಾಳಿ ಊದಿದ ನೀರಲ್ಲಿ ತೇಲಾಡೋ ಪ್ಲಾಸ್ಟಿಕ್ ಬಿಲ್ಲೆ, ಅಂದರೆ ಮೀಡಿಯಾದ ಮೇಲೆ ಸೂಕ್ಷ್ಮಜೀವಿ ಬೆಳೆಸೋ ಟ್ಯಾಂಕ್), ಒಳಗೆ ಪ್ರತಿ ಘನ ಮೀಟರಿಗೆ 500 ಚದರ ಮೀಟರ್ ಮೈ ಇರೋ ಮೀಡಿಯಾ 1.8 ಘನ ಮೀಟರ್, 24 ಗಂಟೆ ಬ್ಲೋವರ್. ಸಲ್ಫೈಡ್ ಹೋಗತ್ತೆ, ಅಮೋನಿಯಾ ನೈಟ್ರೇಟ್ ಆಗತ್ತೆ. ಒಂದು ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ 7 ಮಿಲಿಗ್ರಾಂ ಕ್ಷಾರತೆ ತಿನ್ನತ್ತೆ, ಅಂದರೆ ಸುಮಾರು 300 ಬೇಕು. ಬೋರ್‌ವೆಲ್ ನೀರು ಬಳಸೋ ಲೇಔಟಿಗೆ ಸಾಮಾನ್ಯವಾಗಿ ಕೊರತೆ ಬೀಳಲ್ಲ, ಆದರೂ ಅಳೆದು ನೋಡಿ.

ಇಷ್ಟಾದರೂ ಮೊಟ್ಟೆಗೆ ಕ್ಲೋರಿನ್ ತಾಕಲ್ಲ, ಅದರ ಚಿಪ್ಪು ಅಂಥದ್ದು. ಅದನ್ನು ಸೋಸಿಯೇ ತೆಗೀಬೇಕು. ಎಂಬಿಬಿಆರ್‌ನಿಂದ ಉದುರೋ ಲೋಳೆ ಕೂರಲು ಸಣ್ಣ ಸೆಟ್ಲರ್, ಅದಾದ ಮೇಲೆ 500 ಮಿಮೀ ವ್ಯಾಸದ ಮರಳು ಫಿಲ್ಟರ್, 0.5-0.8 ಮಿಮೀ ಸಿಲಿಕಾ ಮರಳು 70 ಸೆಂಮೀ. ಗಂಟೆಗೆ 0.9 ಘನ ಮೀಟರ್ ಹರಿಸಿದರೆ ವೇಗ 5 ಮೀಟರಿನೊಳಗೇ ಇರತ್ತೆ. ಎಂ-ಸ್ಯಾಂಡ್ ತುಂಬಬೇಡಿ, ಧೂಳಿಗೆ ಕಟ್ಟಿಕೊಳ್ಳತ್ತೆ. ಫಿಲ್ಟರ್ ತೊಳೆದ ಬ್ಯಾಕ್‌ವಾಶ್ ನೀರನ್ನು ಚರಂಡಿಗೆ ಬಿಡದೆ ಮೊದಲ ಸೆಟ್ಲರಿಗೇ ವಾಪಸ್ ಕಳಿಸಿ, ಮೊಟ್ಟೆ ಇರೋದೇ ಅದರಲ್ಲಿ. ಆಮೇಲೆ ಕ್ಲೋರಿನ್: 30 ನಿಮಿಷದ ನಂತರ 0.5-1 ಮಿಲಿಗ್ರಾಂ ಫ್ರೀ ಉಳೀಬೇಕು. ಹೈಪೋ ಕ್ಯಾನ್ ಬಿಸಿಲಿಗಿಟ್ಟರೆ 10% ಅಂತ ಬರೆದಿದ್ದು 10% ಆಗಿರಲ್ಲ.

ಲೇಔಟ್_ನೀರು:
ಕೆಸರು? ತೆಗೆದು ಎರಡು ವರ್ಷ ಆಯ್ತು. ಒಣಗಿಸಿ ಹೂಗಿಡಗಳಿಗೆ ಹಾಕೋಣ ಅಂತ ಕಮಿಟಿಯವರು ಹೇಳ್ತಿದ್ದಾರೆ.

ಕೆಸರುಗುಂಡಿ:
ಟ್ಯಾಂಕಿನಲ್ಲಿ ತಡೆದ ಮೊಟ್ಟೆಯೆಲ್ಲ ಅದರಲ್ಲೇ ಇದೆ, ಬರೀ ಒಣಗಿಸಿದರೆ ಸಾಲದು. 2006ರ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಪ್ರಕಾರ 20-35 ಡಿಗ್ರಿ ಹವೆಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಮುಟ್ಟದೆ ಇಡಬೇಕು, ಇಲ್ಲವೇ 50 ಡಿಗ್ರಿ ದಾಟಿದ ಕಾಂಪೋಸ್ಟಿನಲ್ಲಿ ಕನಿಷ್ಠ ಒಂದು ವಾರ. ದೇವನಹಳ್ಳಿಯ ಮಲಕೆಸರು ಘಟಕದಲ್ಲಿ ಊರಿನ ಹಸಿ ಕಸದ ಜತೆ ಕಾಂಪೋಸ್ಟ್ ಮಾಡ್ತಾರೆ. ನಿಮ್ಮ ಹಸಿ ಕಸಕ್ಕೂ ದಾರಿ ಆಗತ್ತೆ. ರಾಶಿ ಒಂದು ಮೀಟರ್ ಎತ್ತರಕ್ಕಿಂತ ಕಮ್ಮಿ ಇದ್ದರೆ ಕಾವು ಏರಲ್ಲ. ಮಗುಚಿ ಹಾಕದಿದ್ದರೆ ಅಂಚಿನದ್ದು ತಣ್ಣಗೇ ಉಳಿಯತ್ತೆ. ಸಕ್ಕಿಂಗ್ ಗಾಡಿ ಕರೆಸಿದಾಗ ರಿಯಾಕ್ಟರ್ ಕೋಣೆಗಳನ್ನ ಪೂರ್ತಿ ಬರಿದು ಮಾಡಿಸಬೇಡಿ. ಕೆಸರು ಒಂದಷ್ಟು ಉಳಿಸದಿದ್ದರೆ ಸೂಕ್ಷ್ಮಜೀವಿ ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು.

ಹೈಪೋ_ಮೀಟರ್:
ಮರುಪರೀಕ್ಷೆಗೆ ಎರಡು ಮಾತು. ಕೋಲಿಫಾರ್ಮ್ ಬಾಟಲಿಯಲ್ಲಿ ಕ್ಲೋರಿನ್ ಮುರಿಯೋ ಥಯೋಸಲ್ಫೇಟ್ ಇರಲಿ, ಇಲ್ಲದಿದ್ದರೆ ದಾರಿಯಲ್ಲೇ ಕ್ಲೋರಿನ್ ಕೊಲ್ತಾ ಹೋಗಿ ವರದಿ ಸುಳ್ಳೇ ಚೆನ್ನಾಗಿ ಬರತ್ತೆ. ಐಸ್ ಬಾಕ್ಸಲ್ಲಿಟ್ಟು ಅದೇ ದಿನ ಲ್ಯಾಬ್ ಮುಟ್ಟಿಸಿ. ಮೊಟ್ಟೆಗೆ ಒಂದು ಲೀಟರ್ ಸ್ಯಾಂಪಲ್ ಸಾಲದು, 10 ಲೀಟರ್ ಕೊಡಿ, ಬೆಳಗ್ಗೆ 7-8ರ ಹೊತ್ತಿಗೆ ಹಿಡಿದದ್ದು. ಗುರಿ ಲೀಟರಿಗೆ ಒಂದು ಮೊಟ್ಟೆ ಅಥವಾ ಅದಕ್ಕೂ ಕಮ್ಮಿ.