‘ವಾಂತಿಭೇದಿ’ ಅಂದರೆ ಕಾಲರಾನಾ, ಬರೀ ವಾಂತಿ ಮತ್ತು ಭೇದಿಯಾ?

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯ ವಾರ್ಡಿನಲ್ಲಿ ಅಂಟಿಸೋಕೆ ನೊರೊವೈರಸ್ (ವಾಂತಿ, ಭೇದಿ ತರುವ ಒಂದು ವೈರಸ್) ಬಗ್ಗೆ ಅರ್ಧ ಪುಟದ ಸೂಚನೆ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

‘ವಾಂತಿಭೇದಿ’ ಎಂದು ಬರೆದಿದ್ದೆ. ಹಿರಿಯ ನರ್ಸೊಬ್ಬರು ಓದಿ, "ಇದನ್ನು ನೋಡಿದರೆ ವಯಸ್ಸಾದವರು ಕಾಲರಾ ಬಂತು ಅಂತ ಗಂಟುಮೂಟೆ ಕಟ್ತಾರೆ" ಅಂದರು. ಹೌದಲ್ವಾ? ನಮ್ಮಜ್ಜಿಗೂ ವಾಂತಿಭೇದಿ ಅಂದರೆ ಕಾಲರಾನೇ ಆಗಿತ್ತು. ಆದರೆ ಕಾಲರಾ ಬ್ಯಾಕ್ಟೀರಿಯಾದಿಂದ ಬರುತ್ತದೆ, ನೊರೊ ಒಂದು ವೈರಸ್, 1968ರಲ್ಲಿ ಅಮೆರಿಕದ ನಾರ್ವಾಕ್ ಅನ್ನುವ ಊರಿನ ಶಾಲೆಯಲ್ಲಿ ಹರಡಿದ್ದರಿಂದ ಆ ಊರಿನ ಹೆಸರೇ ಇದಕ್ಕೆ ಬಂತು. ಗಟ್ಟಿಮುಟ್ಟಾಗಿದ್ದವರಿಗೆ ಒಂದರಿಂದ ಮೂರು ದಿನ ಕಾಡಿ ಹೋಗುತ್ತದೆ.

ಇನ್ನೊಂದು ತೊಡಕೂ ಇದೆ. ಈ ಸೋಂಕಿನಲ್ಲಿ ಮಕ್ಕಳಿಗೆ ವಾಂತಿ ಜಾಸ್ತಿ, ದೊಡ್ಡವರಿಗೆ ಭೇದಿ ಜಾಸ್ತಿ. ಎರಡನ್ನೂ ಸೇರಿಸಿ ಒಂದೇ ಪದ ಮಾಡಿದರೆ, ಬರೀ ವಾಂತಿ ಮಾಡುವ ಮಗುವಿನ ತಾಯಿ "ಭೇದಿ ಇಲ್ವಲ್ಲ, ಇದು ನಮಗಲ್ಲ" ಅಂದುಕೊಳ್ಳಬಹುದು. ‘ವಾಂತಿ ಅಥವಾ ಭೇದಿ’ ಅಂತ ಬಿಡಿಸಿ ಬರೆಯೋಣವೇ?

ಇನ್ನು ‘ಕಕ್ಕು’. ಕೂಸು ಹಾಲು ಕಕ್ಕಿತು ಅಂದರೆ ಯಾರೂ ಹೆದರುವುದಿಲ್ಲ, ತೇಗಿನ ಜೊತೆ ಒಂದಿಷ್ಟು ಬಂತು ಅಷ್ಟೇ. ಮೊನ್ನೆ ಒಬ್ಬ ತಾಯಿ "ರಾತ್ರಿಯಿಂದ ಕಕ್ತಾ ಇದೆ" ಅಂದಿದ್ದನ್ನು ಹಾಗೇ ಹಗುರವಾಗಿ ತೆಗೆದುಕೊಂಡಿದ್ದೆವು. ಹತ್ತಿರ ಹೋಗಿ ನೋಡಿದರೆ ಹೆಗಲ ಮೇಲಿನ ಟವೆಲ್ ಪೂರ್ತಿ ನೆನೆದಿತ್ತು, ಕೂಸಿನ ನೆತ್ತಿ ಒಳಕ್ಕೆ ಇಳಿದಿತ್ತು. ಆಮೇಲಿಂದ ‘ಎಷ್ಟು ಸಲ’ ಅಂತ ಕೇಳದೆ ಬಿಡುವುದಿಲ್ಲ. ವಯಸ್ಸಾದವರದ್ದು ಇನ್ನೊಂದು ಥರ. "ಹೊಟ್ಟೆ ಸರಿಯಿಲ್ಲ" ಅನ್ನುತ್ತಾರೆ, ಅಷ್ಟೇ. ನಾಚಿಕೆ.

‘ಭೇದಿ ಮಾತ್ರೆ’ ಅಂತಲೂ ಬರೆಯಲಾರೆ. ಅದು ಭೇದಿ ನಿಲ್ಲಿಸುವ ಮಾತ್ರೆಯೋ, ಮಾಡಿಸುವ ಮಾತ್ರೆಯೋ? ನಮ್ಮ ಕಡೆ ಎರಡನೆಯದೇ.

‘ನಿರ್ಜಲೀಕರಣ’ ಪದವನ್ನು ನಾನು ಸುಮ್ನೆ ಕೈಬಿಟ್ಟೆ. ಡಾಕ್ಟರುಗಳೂ "ಮೈಯಲ್ಲಿ ನೀರು ಕಮ್ಮಿ ಆಗಿದೆ" ಅಂತಲೇ ಹೇಳುವುದು. ‘ಕೈ ಸ್ವಚ್ಛಗೊಳಿಸಿ’ ಅನ್ನುವುದನ್ನೂ ಹೊಡೆದುಹಾಕಿದೆ. ಅದನ್ನು ಓದಿದವರು ಬಾಗಿಲ ಬಳಿಯ ಸ್ಯಾನಿಟೈಸರ್ ಒತ್ತಿಕೊಂಡು ಒಳಗೆ ಬರುತ್ತಾರೆ, ಈ ವೈರಸ್ಸಿಗೆ ಅದು ಅಷ್ಟಾಗಿ ನಾಟುವುದಿಲ್ಲ. ‘ಸೋಪು ಹಾಕಿ ನೀರಿನಲ್ಲಿ ತೊಳೆಯಿರಿ’ ಅಂತಲೇ ಬರೆದಿದ್ದೇನೆ.

ಧಾರವಾಡ, ಬೆಳಗಾವಿ ಕಡೆಯವರಿಗೆ ಒಂದು ಪ್ರಶ್ನೆ: ‘ಜುಲಾಬು’ ಅನ್ನುವುದು ಭೇದಿ ಕಾಯಿಲೆಗೂ ಸಲ್ಲುತ್ತದೆಯೋ, ಭೇದಿ ಮಾಡಿಸುವ ಔಷಧಿಗೆ ಮಾತ್ರವೋ? ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮನೆಮಂದಿ ಏನಂತಾರೆ? ವಾರ್ಡಿಗೆ ಎಲ್ಲ ಕಡೆಯವರೂ ಬರುತ್ತಾರೆ, ಸೋಮವಾರ ಪ್ರಿಂಟ್‌ಗೆ ಕೊಡಬೇಕು.